ಇಮಾಮ್ ಬೀಯ ಮೇಲೊಂದು ಬಳೆ

ಮಾನ್ವಿಯಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಹೆಣ್ಣಿನ ಮನೆಗೆ ಹೋಗುತ್ತಿರಲಿಲ್ಲ. ಇಮಾಮ್ ಬೀ ಹತ್ತಿರ ಹೋಗುತ್ತಿದ್ದರು. ಎಪ್ಪತ್ತರ ದಶಕದ ಮಾತಿದು. ಆಕೆ ಸಂಬಂಧ ಕುದುರಿಸುವವಳಲ್ಲ, ಬಳೆಗಾರ್ತಿ. ಗಂಡ ವಲಿ ಪಾಷಾ ಬಸ್ ಸ್ಟ್ಯಾಂಡ್ ಪಕ್ಕದ ಡಬ್ಬಿ ಅಂಗಡಿಯಲ್ಲಿ ಬಳೆ, ಟಿಕಳಿ, ರಿಬ್ಬನ್ ಮಾರುತ್ತಿದ್ದ. ಈಕೆ ಬಳೆಗಳನ್ನು ಹಗ್ಗಕ್ಕೆ ಪೋಣಿಸಿ, ಆ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುತ್ತಿದ್ದಳು. ಸೋಮವಾರ ಪೋತ್ನಾಳ, ಬುಧವಾರ ಬಾಗಲವಾಡ, ಶನಿವಾರ ಹೊಳೆದಂಡೆಯ ಚೀಕಲಪರ್ವಿ.

ಬಳೆಗಾರ್ತಿಗೆ ಅಡುಗೆಮನೆ ತನಕ ದಾರಿ ಇರುತ್ತದೆ ನೋಡಿ. ಗಂಡಸರು ಕಟ್ಟೆಯ ಮೇಲೆ ಕೂತು ಮನೆತನದ ಬಗ್ಗೆ ಎಷ್ಟೇ ದೊಡ್ಡ ಮಾತಾಡಲಿ, ಒಳಗೆ ಯಾರು ಅತ್ತಿದ್ದಾರೆ, ಯಾರು ಮೂರು ದಿನದಿಂದ ಉಂಡಿಲ್ಲ ಅನ್ನುವುದು ಕೈ ಹಿಡಿದು ಬಳೆ ಇಡುವವಳಿಗೆ ಗೊತ್ತಾಗಿಬಿಡುತ್ತದೆ. ತಾಯಿಯ ಹೆಬ್ಬೆರಳಿನ ಗೆಣ್ಣು ಮುಟ್ಟಿ, ಇನ್ನೂ ಲಂಗ ಉಡುವ ಮಗಳು ದೊಡ್ಡವಳಾದ ಮೇಲೆ ಯಾವ ಅಳತೆಯ ಬಳೆ ಇಡುತ್ತಾಳೆ ಅಂತ ಇಮಾಮ್ ಬೀ ಹೇಳುತ್ತಿದ್ದಳು. ಹತ್ತರಲ್ಲಿ ಆರು ಸಲ ಸರಿಹೋಗುತ್ತಿತ್ತು. ಉಳಿದ ನಾಲ್ಕು ಸಲದ ಬಗ್ಗೆ ಆಕೆ ಮಾತಾಡುತ್ತಿರಲಿಲ್ಲ.

ಗಂಡಿನ ಕಡೆಯ ಹೆಂಗಸರು ಬಂದು ಒಂದು ಡಜನ್ ಬಳೆ ಇಡಿಸಿಕೊಳ್ಳುತ್ತ ಮೂರು ಮಾತು ಕೇಳುತ್ತಿದ್ದರು. ಹುಡುಗಿಯ ಕೈಗೆಲಸ ಹೇಗೆ? ಬಾಯಿ ಹೇಗೆ? ಆ ಮನೆತನದಲ್ಲಿ ಏನಾದರೂ ಇದೆಯಾ? ಮೊದಲ ಎರಡಕ್ಕೆ ಇಮಾಮ್ ಬೀ ನಗುನಗುತ್ತ ಉತ್ತರ ಕೊಡುತ್ತಿದ್ದಳು. ಮೂರನೆಯದು ಹುಚ್ಚು, ಮಂಕು, ಗೋಡೆ ಕಡೆ ಮುಖ ಮಾಡಿ ಮಲಗುವ ಬೇನೆ, ಇಂಥವುಗಳ ಪ್ರಶ್ನೆ. ಅದಕ್ಕೆ ಆಕೆ ಬಾಯಿ ತೆರೆಯುತ್ತಿರಲಿಲ್ಲ. ಮನೆ ಒಳ್ಳೆಯದಿದ್ದರೆ ಹನ್ನೆರಡರ ಮೇಲೆ ಇನ್ನೊಂದು ಬಳೆ ಪುಕ್ಕಟೆ ಇಡುತ್ತಿದ್ದಳು. ಇಲ್ಲದಿದ್ದರೆ ಹನ್ನೆರಡಕ್ಕೇ ನಿಲ್ಲಿಸಿ ಮಲಾರದ ಹಗ್ಗ ಬಿಗಿಯುತ್ತಿದ್ದಳು. ಹೆಂಗಸರು ತಮ್ಮ ಕೈ ನೋಡಿಕೊಂಡು ಎದ್ದು ಹೋಗುತ್ತಿದ್ದರು. ಬಾಯಿಂದ ಯಾರ ಮನೆಯನ್ನೂ ಕೆಡಿಸಿಲ್ಲ ಅನ್ನುವುದು ಆಕೆಯ ಹೆಮ್ಮೆ.

ಎಪ್ಪತ್ತನಾಲ್ಕರಲ್ಲಿ ದೇವದುರ್ಗದ ಕಡೆಯ ಒಬ್ಬ ಹೆಂಗಸು ಬಂದು ಬಾಗಲವಾಡದ ಯಮನಮ್ಮನ ಬಗ್ಗೆ ಕೇಳಿದಳು. ಯಮನಮ್ಮನಿಗೆ ಆಗ ಹತ್ತೊಂಬತ್ತು. ಕೂಲಿ ಮಾಡುವ ಮನೆಯ ಹುಡುಗಿ, ಆ ಕೇರಿಯಲ್ಲಿ ಹತ್ತನೆಯ ಇಯತ್ತೆ ಪಾಸಾದ ಮೊದಲನೆಯವಳು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಆದರೆ ಆಕೆಯ ಅಜ್ಜ ವರ್ಷಗಟ್ಟಲೆ ಮಾತು ಬಿಟ್ಟು ಕೂತು ಹೋದವನು. ಕಾಕಾ ಗದ್ದೆಪ್ಪ ಆ ವರ್ಷ ದಸರೆಯಿಂದ ಹೊರಸು ಬಿಟ್ಟು ಎದ್ದಿರಲಿಲ್ಲ. ಇಮಾಮ್ ಬೀ ಅದನ್ನು ಕಣ್ಣಾರೆ ಕಂಡಿದ್ದಳು. ಹನ್ನೆರಡು ಬಳೆ ಇಟ್ಟಳು, ಹಗ್ಗ ಬಿಗಿದಳು. ಸಂಬಂಧ ಅಲ್ಲಿಗೇ ಮುರಿಯಿತು.

ಇನ್ನು ಇಮಾಮ್ ಬೀ ಮುಚ್ಚಿಟ್ಟಿದ್ದ ಮಾತು. ಆಕೆಯ ತವರು ರಾಯಚೂರು. ತಾಯಿ ಹೀರಾಬಿ ಕೆಲವು ವರ್ಷ ಚಳಿಗಾಲ ಬಂತೆಂದರೆ ಕೈಯ ಬಳೆಗಳನ್ನು ಒಂದೊಂದಾಗಿ ತೆಗೆದು ಕಿಟಕಿಯಲ್ಲಿ ಸಾಲಾಗಿ ಇಟ್ಟು ಕೂತುಬಿಡುತ್ತಿದ್ದಳು. ಎರಡು ತಿಂಗಳು, ಮೂರು ತಿಂಗಳು. ಕೇಳಿದವರಿಗೆ ಮನೆಯವರು ವಾತ ಅನ್ನುತ್ತಿದ್ದರು. ಇಮಾಮ್ ಬೀ ಹದಿನಾರಕ್ಕೆ ಮದುವೆಯಾಗಿ ಮಾನ್ವಿಗೆ ಬಂದಳು, ಆ ಸುದ್ದಿ ರಾಯಚೂರಲ್ಲೇ ಉಳಿಯಿತು. ಊರವರ ಮನೆಯ ಬಗ್ಗೆ ಎಲ್ಲರೂ ಆಕೆಯನ್ನು ಕೇಳುತ್ತಿದ್ದರು. ಆಕೆಯ ಮನೆಯ ಬಗ್ಗೆ ಕೇಳುವವರು ಯಾರಿದ್ದರು?

ಎಂಬತ್ಮೂರರಲ್ಲಿ ಅದು ಆಕೆಗೇ ಬಂತು. ವಯಸ್ಸು ನಲವತ್ತೊಂದು. ಮೊದಲು ನಿದ್ದೆ ಹೋಯಿತು, ನಸುಕಿಗೇ ಎಚ್ಚರ. ಆಮೇಲೆ ರೊಟ್ಟಿ ಬಾಯಿಗೆ ಮಣ್ಣಾಯಿತು. ಒಂದು ಶನಿವಾರ ಚೀಕಲಪರ್ವಿಯಲ್ಲಿ ಒಬ್ಬಳ ಕೈ ಹಿಡಿದವಳು ಬಳೆ ಇಡುವುದನ್ನೇ ಮರೆತು ಹಾಗೇ ಕೂತಳು. ಹಿಡಿಸಿಕೊಂಡವಳು ಹೆದರಿ ಕೈ ಬಿಡಿಸಿಕೊಂಡಳು. ಮನೆಗೆ ಬಂದು ತನ್ನ ಬಳೆಗಳನ್ನು ಒಂದೊಂದಾಗಿ ತೆಗೆದು ಕಿಟಕಿಯಲ್ಲಿಟ್ಟಳು. ಮಗಳು ಜಾಹೆದಾಗೆ ಹದಿನೇಳು. ಆ ಸಾಲು ಏನೆಂದು ಅವಳಿಗೆ ಗೊತ್ತಿರಲಿಲ್ಲ. ಇಮಾಮ್ ಬೀಗೆ ಗೊತ್ತಿತ್ತು.

ವಲಿ ಪಾಷಾ ಕೈಲಾದದ್ದೆಲ್ಲ ಮಾಡಿದ. ದರ್ಗಾದ ದಾರ ಕಟ್ಟಿಸಿದ, ಹಕೀಮರ ಪುಡಿ ತಂದ, ಅಂಗಡಿ ಮುಚ್ಚಿ ಮಧ್ಯಾಹ್ನವೆಲ್ಲ ಪಕ್ಕದಲ್ಲಿ ಕೂತ. ನಾಲ್ಕು ತಿಂಗಳು ಹೀಗೇ. ಜಾಹೆದಾ ಓದು ಬಿಟ್ಟು ತಾಯಿಯ ಮಲಾರ ಹೆಗಲಿಗೇರಿಸಿದಳು.

ಬುಧವಾರ ಬಾಗಲವಾಡದಲ್ಲಿ ಅವಳನ್ನು ನಿಲ್ಲಿಸಿ ಕೇಳಿದವಳು ಯಮನಮ್ಮ. ಆಕೆ ಮದುವೆಯಾಗಿರಲಿಲ್ಲ, ಬಾಲವಾಡಿ ಟೀಚರ್ ಆಗಿದ್ದಳು. ನಸುಕಿಗೇ ಎಚ್ಚರ ಆಗುತ್ತಾ, ಮುಂಜಾನೆಯೇ ಜಾಸ್ತಿ ತ್ರಾಸಾ, ಎಲ್ಲ ತನ್ನದೇ ತಪ್ಪು ಅನ್ನುತ್ತಾಳಾ, ಅಂತ ಒಂದೊಂದೇ ಕೇಳಿದಳು. ಎಲ್ಲದಕ್ಕೂ ಹೌದು ಅನ್ನುತ್ತ ಅನ್ನುತ್ತ ಜಾಹೆದಾ ರಸ್ತೆಯಲ್ಲೇ ಅತ್ತಳು. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಯಮನಮ್ಮ ಮಾನ್ವಿಗೆ ಬಂದು ಇಳಿದಳು, ನೇರ ಒಳಗೆ ಹೋಗಿ ಹೊರಸಿನ ತುದಿಗೆ ಕೂತಳು.

"ಬೀಬಮ್ಮ, ನಿಮಗ ಬಂದದ್ದು ಏನಂತ ನನಗ ಗೊತ್ತದ. ನಮ್ಮ ಕಾಕಾಗ ಬಂದದ್ದೂ ಇದ. ಅಂವ ಈಗ ಕುರಿ ಕಾಯಾಕತ್ತಾನ. ಏಳ್ರಿ, ಸೀರಿ ಬದಲಾಯಿಸ್ರಿ. ಇವತ್ತು ಗುರುವಾರ, ರಾಯಚೂರಾಗ ಡಾಕ್ಟರ್ ಕೂಡ್ತಾರ."

ವಲಿ ಪಾಷಾ ಬಾಗಿಲಲ್ಲಿ ನಿಂತು, ಮಂದಿ ನೋಡಿದರೆ ಏನಂದಾರು ಅಂತ ಮೆಲ್ಲಗೆ ಅಂದ. ಮಂದಿಗೆ ಬಳೆಯ ಪೆಟ್ಟಿಗೆ ತರಲು ಹೊರಟಿದ್ದೇವೆ ಅನ್ನಿರಿ ಅಂತ ಯಮನಮ್ಮ ಅವನ ಕೈಗೆ ಚೀಲ ಕೊಟ್ಟಳು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಇಮಾಮ್ ಬೀ ಆ ದಿನ ಮೊದಲ ಸಲ ಬಾಯಿ ಬಿಟ್ಟಳು. ಒಂಬತ್ತು ವರ್ಷದ ಹಿಂದೆ ನಿನ್ನ ಸಂಬಂಧ ಮುರಿದದ್ದು ನಾನು ಅಂದಳು.

"ಗೊತ್ತದ ಬಿಡ್ರಿ," ಅಂದಳು ಯಮನಮ್ಮ. "ಆವಾಗಿಂದನ ಗೊತ್ತದ. ಆ ಹೆಣಮಗಳು ಹನ್ನೆರಡು ಬಳಿ ಇಟಗೊಂಡು ಹೋದ್ಲಂತ ಊರಿಗೆ ಊರ ಹೇಳ್ತು. ಈಗ ಅದನ್ನ ಹಿಡದು ಅಳಬ್ಯಾಡ್ರಿ. ಮೊದಲು ಆರಾಮಾಗ್ರಿ, ಆಮ್ಯಾಲ ಜಗಳ ಮಾಡೋಣ."

ಡಾಕ್ಟರು ಮೈಸೂರು ಕಡೆಯವರು, ಸಣ್ಣ ದನಿಯ ಮನುಷ್ಯ. ಎಲ್ಲ ಕೇಳಿಕೊಂಡು, ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತಾ ಅಂದರು. ಮೂರನೆಯ ಪ್ರಶ್ನೆ. ಬೇರೆ ಬೇರೆ ಅಡುಗೆಮನೆಗಳಲ್ಲಿ ಇಪ್ಪತ್ತು ವರ್ಷ ಕೇಳಿಸಿಕೊಂಡದ್ದು ಈಗ ಆಕೆಯ ಎದುರಿಗೇ ಬಂದು ಕೂತಿತ್ತು. ಯಾರಿಗೂ ಇಲ್ಲ ಅಂತ ಆಕೆ ತಲೆಯಾಡಿಸಿದಳು. ಡಾಕ್ಟರು ಬರೆದುಕೊಂಡರು. ಮಾತ್ರೆ ಕೊಟ್ಟು, ಬಾಯಿ ಒಣಗುತ್ತೆ, ನೀರು ಕುಡೀತಾ ಇರಿ, ಮೂರು ವಾರ ಏನೂ ಗೊತ್ತಾಗಲ್ಲ, ಬಿಡಬೇಡಿ ಅಂದರು.

ಬಾಯಿ ಒಣಗಿತು. ಮೂರು ವಾರ ಏನೂ ಗೊತ್ತಾಗಲಿಲ್ಲ. ವಲಿ ಪಾಷಾ ದಿನಾ ಮಾತ್ರೆ ಎಣಿಸಿ ಎಲೆ-ಅಡಿಕೆಯ ಡಬ್ಬಿಯಲ್ಲಿಡುತ್ತಿದ್ದ. ನಾಲ್ಕನೆಯ ವಾರ ಒಂದು ಮಧ್ಯಾಹ್ನ ಇಮಾಮ್ ಬೀ ತುತ್ತು ಬಾಯಿಗಿಟ್ಟು, ಶೇಂಗಾ ಚಟ್ನಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಜಾಹೆದಾಳನ್ನು ಬೈದಳು. ಬೈಸಿಕೊಂಡ ಹುಡುಗಿ ಓಡಿ ಹೋಗಿ ಅಪ್ಪನಿಗೆ ಹೇಳಿದಳು. ಅವನು ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಚಹಾ ತರಿಸಿದ. ಯಾಕೆಂದು ಮಾತ್ರ ಯಾರಿಗೂ ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ ಆಕೆ ತನ್ನ ಮಲಾರ ಹೊತ್ತುಕೊಂಡೇ ಡಾಕ್ಟರ ಹತ್ತಿರ ಹೋದಳು. ಅವತ್ತು ನಾನು ಸುಳ್ಳು ಹೇಳಿದೆ ಅಂದಳು. ಡಾಕ್ಟರು ಹಾಳೆಯ ಮೇಲೆ ಗುಂಡಗೆ ಒಂದು ಗುರುತು ಹಾಕಿ, ಇದು ನೀವು, ಮೇಲೆ ನಿಮ್ಮ ತಾಯಿ, ಅಂತ ಶುರು ಮಾಡಿದರು. ಗೆರೆ ಗೊತ್ತಾಗಲ್ಲ ಅಂತ ಇಮಾಮ್ ಬೀ ಹಗ್ಗ ಬಿಚ್ಚಿ ಬಳೆಗಳನ್ನೇ ಮೇಜಿನ ಮೇಲೆ ಇಡತೊಡಗಿದಳು. ಆರಾಮಿದ್ದವರಿಗೆ ಹಸಿರು, ಮಲಗಿದವರಿಗೆ ಕಪ್ಪು. ತಾಯಿ ಹೀರಾಬಿಗೆ ಕಪ್ಪು. ತಾಯಿಯ ಇಬ್ಬರು ಅಕ್ಕಂದಿರಿಗೆ ಹಸಿರು. ಒಬ್ಬ ತಮ್ಮನಿದ್ದ, ಸದಾ ಕುಡಿಯುತ್ತಿದ್ದ. ಅದು ಚಟವೋ ಬೇನೆಯೋ ತಿಳಿಯದೆ ಅವನಿಗೆ ಹಳದಿ ಇಟ್ಟಳು. ಕೆಳಗಿನ ಸಾಲಿನಲ್ಲಿ ತಾವು ಒಡಹುಟ್ಟಿದವರು ಐದು ಜನ. ನಾಲ್ಕು ಹಸಿರು, ತನಗೊಂದು ಕಪ್ಪು. ಇಟ್ಟ ಮೇಲೆ ತಾನೇ ಬಾಗಿ ನೋಡಿದಳು. ಮೇಜಿನ ತುಂಬ ಹಸಿರೇ ಜಾಸ್ತಿ ಇತ್ತು. ಆಕೆ ಅದನ್ನು ಯಾವತ್ತೂ ಹೀಗೆ ಎಣಿಸಿರಲೇ ಇಲ್ಲ.

ಅದರ ಕೆಳಗೆ ಜಾಹೆದಾಳ ಜಾಗ. ಕೈ ಅಲ್ಲೇ ನಿಂತಿತು.

"ಇದು ಕೈ ಅಳತಿ ಇದ್ದಂಗ ಏನ್ರಿ, ತಾಯಿಂದ ಮಗಳಿಗೆ?"

ಡಾಕ್ಟರು ತಿರುಗಿ ಕೇಳಿದರು, ಮಗಳ ಅಳತೆ ಯಾವಾಗಲೂ ತಾಯಿಯದೇ ಇರುತ್ತಾ ಅಂತ. ಇಲ್ಲ ಅಂದಳು. ಗೆಣ್ಣು ತಾಯಿಯದೇ ಬಂದಿರುತ್ತದೆ, ಆದರೆ ಬಾವಿ ಹಗ್ಗ ಎಳೆದ ಕೈ ಬೇರೆ, ಹಿಟ್ಟು ನಾದಿದ ಕೈ ಬೇರೆ, ಬಾಣಂತಿಯ ಕೈ ಬೇರೆ. ತಂದೆಯ ಕಡೆಯ ಎಲುಬು ಬಂದರೆ ಲೆಕ್ಕವೇ ತಪ್ಪುತ್ತದೆ. ಹತ್ತರಲ್ಲಿ ನಾಲ್ಕು ಸಲ ತಪ್ಪುತ್ತದೆ, ಅಂತ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಪ್ಪಿಕೊಂಡಳು.

"ಇದು ಅದಕ್ಕಿಂತ ಎಷ್ಟೋ ಹೆಚ್ಚು ಸಲ ತಪ್ಪುತ್ತಮ್ಮ," ಅಂದರು ಡಾಕ್ಟರು. "ರಕ್ತದಲ್ಲಿ ಬರೋದು ಒಂದೇ ಒಂದು ಕೆಟ್ಟ ಬೀಜ ಅಲ್ಲ. ಸಣ್ಣ ಸಣ್ಣವು ಎಷ್ಟೋ ಸೇರಬೇಕು, ಮೇಲೆ ಬದುಕಿನ ಪೆಟ್ಟೂ ಬೀಳಬೇಕು. ನಿಮ್ಮ ಮಗಳಿಗೆ ಬರೋ ಸಂಭವ ಪಕ್ಕದ ಮನೆಯವಳಿಗಿಂತ ಜಾಸ್ತಿ, ಅದು ನಿಜ. ಆದರೆ ಬರದೇ ಇರೋ ಸಂಭವ ಅದಕ್ಕಿಂತ ಜಾಸ್ತಿ. ಹಸಿರು ಇಡಿ. ಬದಲಾಯಿಸಬೇಕಾಗಿ ಬಂದರೆ ಔಷಧ ಇದೆಯಲ್ಲ."

ಇಮಾಮ್ ಬೀ ಹಸಿರು ಇಟ್ಟಳು. ಆಮೇಲೆ ತನ್ನ ಕಪ್ಪು ಬಳೆಯನ್ನು ತೆಗೆದು ಅಲ್ಲೂ ಹಸಿರು ಇಡಬಹುದಾ ಅಂತ ಕೇಳಿದಳು. ಡಾಕ್ಟರು ನಕ್ಕು, ಇನ್ನು ಆರು ತಿಂಗಳು ಮಾತ್ರೆ ತಗೊಳ್ಳಿ, ಆಮೇಲೆ ನೋಡೋಣ ಅಂದರು.

ಬಾಕಿ ಇದ್ದ ಜಗಳವೂ ಆಯಿತು. ಮತ್ತೆ ಬಾಗಲವಾಡಕ್ಕೆ ಹೋದ ಮೊದಲ ಬುಧವಾರವೇ. ಯಮನಮ್ಮ ಬಾಲವಾಡಿಯ ಬಾಗಿಲು ಮುಂದೆ ಮಾಡಿಕೊಂಡು ಬಂದು ಮೆಟ್ಟಿಲ ಮೇಲೆ ಕೂತು, ಎರಡೂ ಕೈ ಮುಂದೆ ಚಾಚಿದಳು. ಆ ದೇವದುರ್ಗದ ಗಂಡು ಈಗ ಎರಡನೆಯ ಮದುವೆ ಮಾಡಿಕೊಂಡು ಎರಡು ಮನೆಯಲ್ಲೂ ಬೈಸಿಕೊಳ್ಳುತ್ತಿದ್ದಾನೆ, ಆ ಮಟ್ಟಿಗೆ ನನ್ನನ್ನು ಉಳಿಸಿದಿರಿ, ಅಂತ ನಗಿಸಿಯೇ ಶುರು ಮಾಡಿದಳು. ಆಮೇಲೆ ನಗು ನಿಲ್ಲಿಸಿದಳು.

"ನಮ್ಮ ಅಜ್ಜನ್ನ ನೋಡಿದ್ರಿ, ನಮ್ಮ ಕಾಕಾನ್ನ ನೋಡಿದ್ರಿ. ನನ್ನ ಕೈ ನಿಮ್ಮ ಕೈಯಾಗ ಇತ್ತು, ಬೀಬಮ್ಮ. ನನ್ನ ಮಾತ್ರ ನೋಡಲಿಲ್ಲ."

ಇಮಾಮ್ ಬೀ ಆ ಕೈಗಳನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಮೆಲ್ಲಗೆ ಗೆಣ್ಣು ಒತ್ತಿ ಬಳೆ ಇಟ್ಟಳು. ಹನ್ನೆರಡರ ಮೇಲೆ ಇನ್ನೊಂದು ಇಡಲು ಹೋದಾಗ ಯಮನಮ್ಮ ಕೈ ಹಿಂದಕ್ಕೆಳೆದುಕೊಂಡಳು. ಈಗ ಬೇಡ, ಬೇಕಾದಾಗ ನಾನೇ ಕೇಳುತ್ತೇನೆ ಅಂದಳು.

ಎಂಬತ್ತೈದರಲ್ಲಿ ಜಾಹೆದಾಗೆ ಸಂಬಂಧ ಬಂತು. ಅವಳು ದೇವದುರ್ಗದ ಸಂತೆಗೂ ಬಳೆ ಮಾರಲು ಹೋಗುತ್ತಿದ್ದಳು. ಅಲ್ಲಿ ರೇಡಿಯೋ ರಿಪೇರಿ ಮಾಡುವ ಗುಲಾಮ್ ದಸ್ತಗೀರ್ ಅಂತ ಒಬ್ಬ ಹುಡುಗ. ಅವನು ತನ್ನ ತಾಯಿ ಶಹಜಾದಿ ಬೇಗಂಗೆ ವಾರವಾರವೂ ಬಳೆ ಕೊಂಡು ಕೊಡತೊಡಗಿದ. ಜಾಹೆದಾ ಮನೆಯ ರೇಡಿಯೋ ಮೂರು ಸಲ ಕೆಟ್ಟಿತು ಅಂದಳು. ಮೂರು ಸಲವೂ ಅದು ಮಾನ್ವಿಯಲ್ಲಿ ಚೆನ್ನಾಗಿಯೇ ಹಾಡುತ್ತಿತ್ತು. ಶಹಜಾದಿ ಬೇಗಂ ಮಾತು ಕಡಿಮೆಯ ಹೆಂಗಸು. ತೋಳು ತುಂಬ ಬಳೆಯಾದ ಮೇಲೆ ವಿಷಯ ತಿಳಿದುಕೊಂಡಳು, ನಾನೇ ಹೋಗಿ ವಿಚಾರಿಸುತ್ತೇನೆ ಅಂತ ಮಗನಿಗೆ ಹೇಳಿದಳು.

ಸುದ್ದಿ ಬಂದಾಗ ವಲಿ ಪಾಷಾ ಖಡಾಖಂಡಿತವಾಗಿ ಹೇಳಿದ, ಆ ಬೇನೆಯ ಮಾತು ಎತ್ತಬಾರದು. ಆರಾಮಾಗಿ ಎರಡು ವರ್ಷವಾಯಿತು, ಮಾತ್ರೆ ಬಿಟ್ಟೂ ವರ್ಷವಾಯಿತು, ಇಲ್ಲದ್ದನ್ನು ಯಾಕೆ ಹೇಳಬೇಕು? ಇದ್ದದ್ದು ಒಬ್ಬಳೇ ಮಗಳು, ಅವಳ ಮನಸ್ಸಿಗೆ ಬಂದವನು. ಒಂದು ಮಾತಿಗೆ ಎಲ್ಲ ಹೋಗುತ್ತದೆ. ಹಾಗೆ ಹೋದದ್ದನ್ನು ಇಮಾಮ್ ಬೀಗಿಂತ ಚೆನ್ನಾಗಿ ಬಲ್ಲವರು ಯಾರು? ಆಕೆ ಎರಡು ದಿನ ಮಲಾರ ಹೊತ್ತು ಊರು ತಿರುಗಿದಳು. ಮೂರನೆಯ ದಿನ ಜಾಹೆದಾಳೇ ಬಂದು ಪಕ್ಕದಲ್ಲಿ ಕೂತು ಮಲಾರ ಪೋಣಿಸುತ್ತ ಹೇಳಿದಳು.

"ಹೇಳಿಬಿಡು ಅಮ್ಮೀ. ಮುಚ್ಚಿಟ್ಟು ಮದಿವಿ ಮಾಡಿದ್ರ, ನಾನು ಒಂದು ದಿನ ಸುಮ್ಮ ಕುಂತ್ರೂ ಅವರಿಗೆ ಏನೂ ಗೊತ್ತಾಗಂಗಿಲ್ಲ, ನನಗ ಮಾತ್ರ ಅಂಜಿಕಿ ಆಗ್ತದ. ಹಂಗ ಬಾಳೇ ಮಾಡೋದು ಬ್ಯಾಡ ನನಗ."

ಶಹಜಾದಿ ಬೇಗಂ ಬಂದಳು. ಇಬ್ಬರೂ ಮಾತಾಡಿದ್ದು ದಖನಿ ಉರ್ದುವಿನಲ್ಲಿ, ನಾನು ನಮ್ಮ ಮಾತಲ್ಲಿ ಹೇಳುತ್ತಿದ್ದೇನೆ. ಆಕೆ ಹಳೆ ಪದ್ಧತಿಯಂತೆ ಎಲ್ಲ ಬಳೆ ತೆಗೆದು ಕೈ ಚಾಚಿದಳು. ಹುಡುಗಿಯ ಕೈಗೆಲಸ ನೋಡಿದ್ದೇನೆ, ಬಾಯಿಯೂ ಕೇಳಿದ್ದೇನೆ, ಇನ್ನು ಉಳಿದದ್ದು ಒಂದೇ ಮಾತು ಅಂದಳು. ಇಮಾಮ್ ಬೀ ಆರು ಈ ಕೈಗೆ, ಆರು ಆ ಕೈಗೆ ಇಟ್ಟಳು. ಹನ್ನೆರಡಾಯಿತು. ನಿಲ್ಲಿಸಿದಳು. ಬಾಗಿಲ ಹಿಂದೆ ವಲಿ ಪಾಷಾ ಕಣ್ಣು ಮುಚ್ಚಿಕೊಂಡ. ಶಹಜಾದಿ ಬೇಗಂ ತನ್ನ ಕೈ ನೋಡಿಕೊಂಡು ಏಳಲು ಹೊರಟಳು.

"ಕೂಡ್ರಿ ಆಪಾ," ಅಂದಳು ಇಮಾಮ್ ಬೀ. "ಇದನ್ನ ಬಳಿಲಿಂದ ಹೇಳಿದ್ದು ಸಾಕಾತು ನನಗ. ಈ ಸಲ ಬಾಯಿಲಿಂದ ಹೇಳ್ತೀನಿ. ನಮ್ಮ ಮನ್ಯಾಗ ಅದ. ನಮ್ಮ ಅಮ್ಮಗ ಇತ್ತು, ನನಗ ಬಂದಿತ್ತು. ಆರಾಮಾಗೀನಿ. ಆದ್ರ ನನ್ನ ಮನಿಗೆ ನಾನ ಸಾಕ್ಷಿ ನಿಂದ್ರಬಾರ್ದು. ಬಾಗಲವಾಡದ ಯಮನಮ್ಮ ಟೀಚರ್‌ನ ಕೇಳ್ರಿ. ನಾನು ಕೆಟ್ಟದ್ದು ಮಾಡೀನಿ ಆಕಿಗೆ. ನನ್ನ ಸಲುವಾಗಿ ಸುಳ್ಳು ಹೇಳೋ ಕಾರಣ ಆಕಿಗಿಲ್ಲ."

ಶಹಜಾದಿ ಬೇಗಂ ಎದ್ದಳು. ಆದರೆ ದೇವದುರ್ಗದ ಬಸ್ಸು ಹತ್ತಲಿಲ್ಲ, ಬಾಗಲವಾಡದ್ದು ಹತ್ತಿದಳು.

ಅಲ್ಲಿ ನಡೆದದ್ದನ್ನು ನನಗೆ ಹೇಳಿದ್ದು ಯಮನಮ್ಮ ಟೀಚರೇ. ಬಾಲವಾಡಿಯ ಅಂಗಳದಲ್ಲಿ ಕಾಕಾ ಗದ್ದೆಪ್ಪ ಹಗ್ಗ ಹೊಸೆಯುತ್ತ ಕೂತಿದ್ದ. ಯಮನಮ್ಮ ಏನನ್ನೂ ಮುಚ್ಚಲಿಲ್ಲ. ಕಿಟಕಿಯ ಬಳೆ ಸಾಲು, ನಾಲ್ಕು ತಿಂಗಳು, ಡಾಕ್ಟರ ಮುಂದೆ ಹೇಳಿದ ಸುಳ್ಳು, ಉಪ್ಪಿನ ಚಟ್ನಿ, ಎಲ್ಲ ಹೇಳಿದಳು. ತನ್ನ ಮುರಿದ ಸಂಬಂಧವನ್ನೂ ಹೇಳಿದಳು. ಆ ಬೇನೆ ಮತ್ತೆ ಬರುತ್ತಾ ಅಂತ ಶಹಜಾದಿ ಬೇಗಂ ಕೇಳಿದ್ದಕ್ಕೆ ಗದ್ದೆಪ್ಪ ತಲೆ ಎತ್ತಿದ.

"ನನಗ ಇನ್ನೊಮ್ಮೆ ಬಂದಿತ್ರಿ. ಈಗ ಬರೂ ಮುಂಚೇನ ಗೊತ್ತಾಗ್ತದ. ಮನಸಿಗೆ ಮೋಡ ಕವಿಯಾಕತ್ತು ಅಂದ್ರ ಕುರಿ ಬ್ಯಾರೆಯವರಿಗೆ ಒಪ್ಪಿಸಿ ರಾಯಚೂರ ಬಸ್ ಹತ್ತತೀನಿ."

ಹಾಗಾದರೆ ಹುಡುಗಿಗೂ ಬರುತ್ತದೆ ಅನ್ನಿ, ಅಂದಳು ಶಹಜಾದಿ ಬೇಗಂ.

"ಬರಂಗಿಲ್ಲ ಅಂತ ನಾನು ಹೇಳಂಗಿಲ್ಲ. ಬರ್ತದಂತನೂ ಹೇಳಂಗಿಲ್ಲ," ಅಂದಳು ಯಮನಮ್ಮ. "ನನಗ ಮೂವತ್ತು ದಾಟ್ಯಾವ, ನನಗಿನ್ನೂ ಬಂದಿಲ್ಲ. ಆದ್ರ ಬಂದ್ರ ಏನು ಮಾಡಬೇಕಂತ ಇಮಾಮ್ ಬೀ ಮನಿಗೆ ಗೊತ್ತದ, ನಮ್ಮ ಮನಿಗೆ ಗೊತ್ತದ. ನಿಮ್ಮ ಮನ್ಯಾಗ ಯಾರಿಗರ ಬಂದ್ರ, ನಿಮಗ ಗೊತ್ತದ ಏನ್ರಿ?"

ಶಹಜಾದಿ ಬೇಗಂ ಸೆರಗು ಸುತ್ತಿಕೊಂಡು ಎದ್ದು, ಕೊಟ್ಟ ನೀರು ಕೂಡ ಕುಡಿಯದೆ ಹೋದಳಂತೆ.

ಎಂಟು ದಿನ ಸುದ್ದಿಯಿಲ್ಲ. ಜಾಹೆದಾ ದೇವದುರ್ಗದ ಸಂತೆಗೆ ಹೋಗಲಿಲ್ಲ, ರೇಡಿಯೋ ಮುಟ್ಟಲಿಲ್ಲ. ವಲಿ ಪಾಷಾ ಹೆಂಡತಿಯ ಮುಖ ನೋಡುತ್ತಿದ್ದ, ಬೈಯಲೂ ಹೆದರಿಕೆ ಅವನಿಗೆ, ಎಲ್ಲಿ ಮತ್ತೆ ಮಲಗಿಬಿಡುತ್ತಾಳೋ ಅಂತ. ಇಮಾಮ್ ಬೀ ಮಾತ್ರ ದಿನಾ ಮಲಾರ ಹೊತ್ತು ಹೊರಟಳು. ಬೇಜಾರಾಗುವುದು ಬೇರೆ, ಬೇನೆ ಬೇರೆ, ಎರಡನ್ನೂ ಕಂಡಿದ್ದೇನೆ, ಇದು ಬರೀ ಬೇಜಾರು, ಅಂತ ಗಂಡನಿಗೇ ಧೈರ್ಯ ಹೇಳಿದಳು.

ಒಂಬತ್ತನೆಯ ದಿನ ಶಹಜಾದಿ ಬೇಗಂ ಡಬ್ಬಿ ಅಂಗಡಿಯ ಮುಂದೆಯೇ ಬಸ್ಸಿಳಿದಳು. ಒಳಗೆ ಬಂದು ಕೂತಳು. ಆವತ್ತಿನ ಹನ್ನೆರಡು ಬಳೆ ಹಾಗೇ ಇದ್ದವು.

"ಆ ಡಾಕ್ಟರ್ ಯಾವ ವಾರ ಕೂಡ್ತಾರ?"

ಯಾರಿಗೆ ಅಂತ ಇಮಾಮ್ ಬೀ ಕೇಳಲಿಲ್ಲ. ಗುರುವಾರ, ಹತ್ತರ ಒಳಗೆ ಚೀಟಿ ಮಾಡಿಸಬೇಕು, ಬುತ್ತಿ ಕಟ್ಟಿಕೊಂಡು ಹೋಗಿ, ಸಂಜೆಯಾಗುತ್ತದೆ ಅಂದಳು. ಶಹಜಾದಿ ಬೇಗಂ ತಾನಾಗಿಯೇ ಹೇಳಿದಳು, ತಮ್ಮನೊಬ್ಬನಿದ್ದಾನೆ, ಆರು ವರ್ಷದಿಂದ ಹಿತ್ತಲ ಕೋಣೆಯಲ್ಲಿ, ಬಂದವರಿಗೆ ಹೈದರಾಬಾದಿನಲ್ಲಿದ್ದಾನೆ ಅಂತ ಹೇಳುತ್ತೇವೆ. ಅಷ್ಟು ಹೇಳಿ ಬಲಗೈ ಮುಂದೆ ಚಾಚಿದಳು.

"ಒಂದು ಕಡಿಮಿ ಇಟ್ಟೀರಿ."

ಇಮಾಮ್ ಬೀ ಮಲಾರದಿಂದ ಒಂದು ಹಸಿರು ಬಳೆ ತೆಗೆದು, ಗೆಣ್ಣು ಮೆಲ್ಲಗೆ ಒತ್ತಿ, ಇಟ್ಟಳು. ಒಳಗೆ ಯಾರೋ ರೇಡಿಯೋ ಹಚ್ಚಿದರು.

ಮದುವೆಯ ಬಳೆ ಇಡುವ ದಿನ ಯಮನಮ್ಮ ಬಂದು ಎಲ್ಲರಿಗಿಂತ ಮೊದಲು ಕೂತು, ನನ್ನ ಬಾಕಿ ಬಳೆ ಕೊಡ್ರಿ ಅಂತ ಕೇಳಿ ಇಡಿಸಿಕೊಂಡಳು. ಅಲ್ಲಿಂದ ಮುಂದೆ ಇಮಾಮ್ ಬೀ ಕೇಳಿದವರಿಗೂ ಕೇಳದವರಿಗೂ ಹದಿಮೂರೇ ಇಡುತ್ತಿದ್ದಳು. ಗಂಡಿನ ಕಡೆಯವರಿಗೆ ತಲೆಕೆಟ್ಟಿತು. ಕೈ ನೋಡಿ ಏನೂ ತಿಳಿಯದೆ, ಹುಡುಗಿಯನ್ನೇ ಹೋಗಿ ನೋಡಬೇಕಾಯಿತು.

ಜಾಹೆದಾಗೆ ಅದು ಬಂತಾ ಅಂತ ಕೇಳುತ್ತೀರಿ, ಗೊತ್ತು. ಒಂದು ಸಲ ಬಂತು. ಎಂಬತ್ತೆಂಟರಲ್ಲಿ, ಹೆರಿಗೆಯಾಗಿ ತಿಂಗಳಾದ ಮೇಲೆ. ಮಗುವನ್ನು ಪಕ್ಕದಲ್ಲಿಟ್ಟುಕೊಂಡು ಬಳೆ ತೆಗೆಯುತ್ತಿದ್ದಳು. ಎರಡನೆಯ ಬಳೆ ಕಿಟಕಿಗೆ ಬೀಳುವಷ್ಟರಲ್ಲಿ ಅತ್ತೆ ನೋಡಿದಳು. ಶಹಜಾದಿ ಬೇಗಂ ಯಾರನ್ನೂ ಕೇಳಲಿಲ್ಲ, ಮಾನ್ವಿಗೆ ಹೇಳಿಯೂ ಕಳಿಸಲಿಲ್ಲ. ಗುರುವಾರ ಬೆಳಗಿನ ರಾಯಚೂರು ಬಸ್ಸಿಗೆ ಬುತ್ತಿ ಕಟ್ಟಿದಳು, ಕೂಸನ್ನು ತಾನೇ ಎತ್ತಿಕೊಂಡಳು, ಸೊಸೆಯನ್ನು ಕಿಟಕಿ ಪಕ್ಕ ಕೂಡಿಸಿದಳು. ಆಮೇಲೆ ಆ ಎರಡು ಬಳೆಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ, ಬಸ್ಸು ಊರು ದಾಟುವ ಮುಂಚೆಯೇ ಅವಳ ಕೈಗೆ ವಾಪಸ್ ಇಟ್ಟಳು.